ಭದ್ರಣ್ಣನ ಮೂರನೆಯ ಸುಳ್ಳು

ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವವನು ಜಾಗರೂಕ. ಎರಡು ಸಲ ಜಗ್ಗುವವನು ಸಂಸಾರಸ್ಥ. ಬೀದಿಯ ತುದಿಯವರೆಗೆ ಹೋಗಿ, ಮತ್ತೆ ವಾಪಸು ಬಂದು ಜಗ್ಗಿ, ಹೋಗುವ ದಾರಿಯಲ್ಲಿ ಎದುರು ಮನೆಯ ಬೀಗವನ್ನೂ ಧರ್ಮಾರ್ಥ ಜಗ್ಗಿ ಹೋಗುವವನೇ ನಮ್ಮ ಭದ್ರಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿದೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ‘ನಮ್ಮ ಬೀದಿಗೆ ನೀರಿಲ್ಲ’ ಎಂದು ಯಾರಾದರೂ ಬಂದರೆ, ಅವರು ನಿಜಕ್ಕೂ ಆ ಬೀದಿಯವರೇ ಎಂದು ಖಾತ್ರಿಯಾಗುವವರೆಗೂ ಆತ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. “ನೀರು ಎಷ್ಟು ಹೊತ್ತಿಗೆ ಬರತ್ತೆ? ಮೊದಲು ಗಾಳಿ ಬರತ್ತೋ, ಕೆಸರು ಬರತ್ತೋ?” ಎಂದು ಕೇಳುತ್ತಾನೆ. ಬೀದಿಯವರಾದರೆ ಕಣ್ಣಲ್ಲಿ ನೀರು ತಂದುಕೊಂಡು ಉತ್ತರಿಸುತ್ತಾರೆ. ನಲ್ಲಿಯಲ್ಲಿ ಬರದ ನೀರು ಅಲ್ಲಾದರೂ ಬರುತ್ತದೆ.

ಇಂಥ ಮಹಾನುಭಾವನಲ್ಲಿ ಒಂದೇ ಒಂದು ಕೊರತೆ. ಆತನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿಗೆ ಬರುತ್ತದೆ, ಕಿವಿಗೆ ಬರುವುದಿಲ್ಲ. ಸುಳ್ಳೊಂದು ಹೊರಬಿದ್ದ ತಕ್ಷಣ ಎರಡೂ ಕಿವಿ ಹಣ್ಣು ಟೊಮೆಟೊ ಬಣ್ಣಕ್ಕೆ ತಿರುಗುತ್ತವೆ. ಒಮ್ಮೆ ಜ್ವರ ಎಂದು ರಜೆ ಕೇಳಲು ಹೋದಾಗ ಮ್ಯಾನೇಜರು ತಲೆ ಎತ್ತಿ ಕಿವಿ ನೋಡಿ, “ಹೋಗಿ, ನಿಜವಾದ ಕಾರಣ ಹುಡುಕ್ಕೊಂಡು ಬನ್ನಿ” ಎಂದು ಕಳಿಸಿದ್ದರು.

ಅಂಥವನ ಕಚೇರಿಗೆ ಒಂದು ದಿನ ಕಂಪ್ಯೂಟರ್ ಸುರಕ್ಷತೆಯ ಉಪನ್ಯಾಸ ಬಂತು. ಉಳಿದವರೆಲ್ಲ ಹಿಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿ ಗಮನವಿಟ್ಟು ಕೇಳಿದರು. ಭದ್ರಣ್ಣ ಮಾತ್ರ ಕಣ್ಣು ಬಿಟ್ಟುಕೊಂಡು ಕೇಳಿದ. ಪಾಸ್‌ವರ್ಡು ಉದ್ದವಿರಬೇಕು, ಸಂಬಂಧವಿಲ್ಲದ ಪದಗಳನ್ನು ಪೋಣಿಸಬೇಕು. ಎಲ್ಲೂ ಬರೆದಿಡಬಾರದು, ಹೆಂಡತಿಗೂ ಹೇಳಬಾರದು. ಇದೆಲ್ಲ ಆತನಿಗೆ ಹಾಲು ಕುಡಿದಷ್ಟು ಸುಲಭವಾಗಿ ಇಳಿಯಿತು. ಕೊನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. “ಪಾಸ್‌ವರ್ಡ್ ಮರೆತರೆ ಕಂಪ್ಯೂಟರು ನಿಮ್ಮನ್ನ ಗುರುತಿನ ಪ್ರಶ್ನೆ ಕೇಳತ್ತೆ. ಹುಟ್ಟಿದೂರು, ಮೊದಲ ವಾಹನ, ಇಂಥವು. ನಿಜ ಹೇಳಿದರೆ ನಿಮ್ಮ ನೆಂಟರು ಯಾರು ಬೇಕಾದರೂ ಬಾಗಿಲು ತೆಗೀಬಹುದು. ಅದಕ್ಕೇ ಉತ್ತರ ತುಂಬುವಾಗ ಸುಳ್ಳು ಹೇಳಿ!” ಎಂದಿದ್ದರು ಉಪನ್ಯಾಸಕರು.

ಕಚೇರಿಯ ಖರ್ಚಿನಲ್ಲಿ ಸುಳ್ಳಿನ ಪಾಠ! ಭದ್ರಣ್ಣ ಬೆವರು ಒರೆಸಿಕೊಂಡ. ಆದರೆ ಕರ್ತವ್ಯ ಕರ್ತವ್ಯವೇ.

ಅಂದು ಸಂಜೆಯೇ ಮನೆಯ ಕಂಪ್ಯೂಟರಿಗೆ ರಕ್ಷಣಾ ಕಾರ್ಯ ಶುರುವಾಯಿತು. ಕಂಪ್ಯೂಟರು ಇದ್ದದ್ದು ನಡುಮನೆಯಲ್ಲಿ, ಮಡಚುವ ಮೇಜಿನ ಮೇಲೆ. ಅದನ್ನು ಹೆಚ್ಚು ಬಳಸುತ್ತಿದ್ದವಳು ಹೆಂಡತಿ. ಆಕೆ ಮಕ್ಕಳ ನಾಟಕ ಬರೆಯುತ್ತಿದ್ದಳು. ಅಡುಗೆ ಒಲೆಯ ಮೇಲಿದ್ದಾಗ ಒಂದು ಸಾಲು, ಬಟ್ಟೆ ಹಿಂಡುವಾಗ ಒಂದು ಸಾಲು. ಹೀಗೆ ಮೂರು ವರ್ಷ ಕೂಡಿಸಿದ ಒಂದು ನಾಟಕ ಅದರೊಳಗಿತ್ತು. ಊರಿನ ರಂಗತಂಡವೊಂದು ಈ ವರ್ಷ ಒಂದು ಹೊಸ ನಾಟಕ ಆಡುತ್ತೇವೆಂದು ಕರೆ ಕೊಟ್ಟಿತ್ತು. ಶನಿವಾರ ಸಂಜೆ ಐದರೊಳಗೆ ಕಳಿಸಬೇಕು. ಒಂದು ಪ್ರತಿಯನ್ನು ಆಕೆ ಪೆನ್‌ಡ್ರೈವಿನಲ್ಲೂ ಇಟ್ಟಿದ್ದಳು. ‘ಯಾರ ಕೈಗಾದರೂ ಸಿಕ್ಕರೆ?’ ಎಂದು ಭದ್ರಣ್ಣ ಮೊದಲು ಅದನ್ನು ಅಳಿಸಿ ತೊಳೆದ ತಟ್ಟೆಯಂತೆ ಮಾಡಿದ. ಆಮೇಲೆ ಸಂಬಂಧವಿಲ್ಲದ ನಾಲ್ಕು ಪದ ಪೋಣಿಸಿ ಪಾಸ್‌ವರ್ಡು ಬದಲಿಸಿ, ಗುರುತಿನ ಪ್ರಶ್ನೆಗಳಿಗೂ ಉತ್ತರ ತುಂಬಿದ. ತಪ್ಪು ಉತ್ತರಗಳು ಮಿತಿ ಮೀರಿದರೆ ಒಳಗಿನದೆಲ್ಲ ತಾನೇ ಅಳಿಸಿಹೋಗುವ ಏರ್ಪಾಡನ್ನೂ ಮಾಡಿದ. ಕಳ್ಳನಿಗೂ ಬೇಡ, ನಮಗೂ ಬೇಡ ಎಂಬ ಇಂಥ ನಿಸ್ಪೃಹತೆ ಋಷಿಗಳಲ್ಲೂ ಅಪರೂಪ.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಂಪ್ಯೂಟರಿನ ಮುಂದೆ ಕೂತಳು.

“ರೀ, ಪಾಸ್‌ವರ್ಡ್ ಹಾಕಿ ಬನ್ನಿ. ಕಳಿಸಿಬಿಡ್ತೀನಿ.”

ಭದ್ರಣ್ಣ ಗಂಭೀರವಾಗಿ ಬಂದು, ಎಲ್ಲರೂ ಗೋಡೆ ಕಡೆ ತಿರುಗಬೇಕೆಂದು ಆಜ್ಞೆ ಮಾಡಿ, ಬೆರಳು ನೆಟಿಗೆ ಮುರಿದು, ಕೂತ. ಕೂತೇ ಇದ್ದ. ಜಿರಾಫೆ ಇತ್ತು, ಅದು ನೆನಪಿದೆ. ಬಕೆಟ್ಟೂ ಇತ್ತು. ಕೊಡೆ ಮೊದಲೋ, ಸ್ಕ್ರೂಡ್ರೈವರ್ ಮೊದಲೋ? ಜಿರಾಫೆಯನ್ನು ಬಕೆಟ್ಟಿನಲ್ಲಿಟ್ಟ, ಆಗಲಿಲ್ಲ. ಕೊಡೆಯ ಕೆಳಗಿಟ್ಟ, ಆಗಲಿಲ್ಲ. ಸ್ಕ್ರೂಡ್ರೈವರಿನಿಂದ ತಿವಿದ. ಕಂಪ್ಯೂಟರು ಬೇಸತ್ತು, ಪರದೆಯ ಮೇಲೆ ಪುಟ್ಟ ಪುಟ್ಟ ಬೀಗಗಳ ಸಾಲೊಂದನ್ನು ತೋರಿಸಿ, ‘ಗುರುತಿನ ಪ್ರಶ್ನೆಗಳಿಗೆ ಉತ್ತರಿಸಿ. ಪ್ರತಿ ತಪ್ಪಿಗೂ ಒಂದು ಬೀಗ ಕಪ್ಪಾಗುತ್ತದೆ. ಎಲ್ಲ ಕಪ್ಪಾದರೆ ಎಲ್ಲವೂ ಅಳಿಸಿಹೋಗುತ್ತದೆ’ ಎಂದಿತು.

“ಎಲ್ಲವೂ ಅಂದ್ರೆ?” ಎಂದಳು ಹೆಂಡತಿ.

“ಎಲ್ಲವೂ ಅಂದ್ರೆ... ನಾಟಕಾನೂ.”

“ಪೆನ್‌ಡ್ರೈವಲ್ಲಿದೆ, ಬಿಡಿ.”

ಭದ್ರಣ್ಣ ಪೆನ್‌ಡ್ರೈವಿನ ಸುದ್ದಿ ಹೇಳಿದ. ಆಮೇಲೆ ಆ ಮನೆಯಲ್ಲಿ ಎದ್ದ ದನಿಗೆ ಎದುರು ಮನೆಯ ಹಲ್ಲಿನ ಡಾಕ್ಟರು ಚಪ್ಪಲಿ ಹಾಕಿಕೊಳ್ಳದೆ ಓಡಿ ಬಂದರು. ಯಾರಿಗೋ ತಾವು ಅರಿವಳಿಕೆ ಕೊಡದೆ ಹಲ್ಲು ಕಿತ್ತೆವೇನೋ ಅನ್ನಿಸಿತಂತೆ. ಊಟಕ್ಕೆಂದು ಬಂದು ಸೋಫಾದ ಮೇಲೆ ಉರುಳಿಕೊಂಡಿದ್ದ ಬಾಮೈದ ಎದ್ದು ಕೂತ. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅತ್ತೆ ಮಾತ್ರ ಪುಟ ತಿರುವಿದರು.

ಈ ಅತ್ತೆಯ ವಿಷಯ ಹೇಳಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಅವರಿಗೂ ಅಳಿಯನಿಗೂ ಫ್ಯಾನಿನ ವಿಷಯದಲ್ಲಿ ಹನ್ನೆರಡು ತಿಂಗಳೂ ಯುದ್ಧ. ಆತ ಜೋರು ಮಾಡುತ್ತಾನೆ, ಅವರು ನಿಧಾನ ಮಾಡುತ್ತಾರೆ. ಪೇಪರಿನ ಮೊದಲ ಪುಟಕ್ಕೆ ಬೇರೆ ಯುದ್ಧ, ಕಿಟಕಿಗೆ ಬೇರೆ. ಈ ಸಮರ ಬಿಲ್ಡಿಂಗಿಗೆಲ್ಲ ಗೊತ್ತು. ಮೆಟ್ಟಿಲಲ್ಲಿ ಸಿಕ್ಕವರು ಕ್ಷೇಮ ಸಮಾಚಾರದ ಬದಲು, “ಫ್ಯಾನು ಎಷ್ಟರಲ್ಲಿದೆ?” ಎಂದೇ ಕೇಳುತ್ತಿದ್ದರು.

“ಗಾಬರಿ ಬೇಡ,” ಎಂದ ಭದ್ರಣ್ಣ. “ಪ್ರಶ್ನೆಗೆಲ್ಲ ನಾನು ಸುಳ್ಳು ಉತ್ತರ ಕೊಟ್ಟಿದ್ದೀನಿ. ಅದೇ ಸುಳ್ಳು ಮತ್ತೆ ಹೇಳಿದರಾಯ್ತು.”

ಮೊದಲ ಪ್ರಶ್ನೆ: ‘ನಿಮ್ಮ ಮೊದಲ ವಾಹನ ಯಾವುದು?’

“ಹಳೇ ಸೈಕಲ್ಲು,” ಎಂದ ಬಾಮೈದ. “ಅದರ ಸುಳ್ಳು ಏನು ಭಾವ?”

“ಹಡಗು,” ಎಂದು ಭದ್ರಣ್ಣ ಹೆಮ್ಮೆಯಿಂದ ಟೈಪು ಮಾಡಿದ. ಪ್ರಶ್ನೆ ಮಾಯವಾಯಿತು. ಡಾಕ್ಟರು ಚಪ್ಪಾಳೆ ತಟ್ಟಿದರು.

ಎರಡನೆಯದು: ‘ನೀವು ಹುಟ್ಟಿದ ಊರು?’ ಭದ್ರಣ್ಣ ‘ಚಂದ್ರಲೋಕ’ ಎಂದು ಬಡಿದ. ಅದೂ ಮಾಯ.

“ಭಾವಾ, ನಿಮ್ಮ ತಲೆಗೆ ನಮೋ ನಮಃ!” ಎಂದ ಬಾಮೈದ.

ಮೂರನೆಯದು ಬಂತು: ‘ನೀವು ಅತ್ಯಂತ ಮೆಚ್ಚುವ ವ್ಯಕ್ತಿ ಯಾರು?’

ಭದ್ರಣ್ಣನ ಬೆರಳು ಗಾಳಿಯಲ್ಲೇ ನಿಂತಿತು.

ಉತ್ತರ ಮರೆತಿರಲಿಲ್ಲ. ಅದೇ ಫಜೀತಿ. ಉತ್ತರ ತುಂಬಿದ ಸಂಜೆ ಹಡಗು ಎಂದು ಬರೆದಾಗ ಕಿವಿ ಬೆಚ್ಚಗಾಗಿತ್ತು. ಚಂದ್ರಲೋಕ ಎಂದಾಗ ಕೆಂಡವಾಗಿತ್ತು. ಮೂರನೆಯ ಸುಳ್ಳಿಗೆ ಕಿವಿಯಲ್ಲಿ ಜಾಗವೇ ಉಳಿದಿರಲಿಲ್ಲ. ಕೈ ಸೋತು, ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದುಬಿಟ್ಟಿದ್ದ. ಬರೆದದ್ದು ಅತ್ತೆಯ ಹೆಸರು.

ಈಗ ಆ ಹೆಸರು ಟೈಪು ಮಾಡಿ ಬಾಗಿಲು ತೆರೆಯಿತು ಅನ್ನಿ. ಎಲ್ಲವೂ ಸುಳ್ಳು ಎಂದು ಆತನೇ ಸಾರಿದ್ದಾನೆ. ಮೆಚ್ಚುವವರ ಜಾಗದಲ್ಲಿ ಸುಳ್ಳು ಎಂದರೆ ಕಂಡರಾಗದವರು ಎಂದೇ ಅರ್ಥ. ಫ್ಯಾನಿನ ಯುದ್ಧಕ್ಕೆ ಇದೇ ಲಿಖಿತ ಸಾಕ್ಷಿಯಾಗಿ, ಅತ್ತೆ ಅಂದೇ ಚೀಲ ಕಟ್ಟಿಯಾರು. ಇಲ್ಲ, ಇದೊಂದು ನಿಜ ಎಂದರೆ, ಪಕ್ಕದಲ್ಲಿ ಹೆಂಡತಿ ನಿಂತಿದ್ದಾಳೆ! ಹೇಳದಿದ್ದರೆ ನಾಟಕ ಹೋಗುತ್ತದೆ. ಜಿರಾಫೆಯಾದರೂ ಬಕೆಟ್ಟಿನಲ್ಲಿ ಹಿಡಿಸೀತು, ಭದ್ರಣ್ಣ ಈ ಇಕ್ಕಟ್ಟಿನಲ್ಲಿ ಹಿಡಿಸಲಿಲ್ಲ.

“ಮರ್ತೋಯ್ತು,” ಎಂದ. ಎಂದ ಕೂಡಲೇ ಕಿವಿ ಚುರುಗುಟ್ಟಿತು. ತಟಕ್ಕನೆ ಒದ್ದೆ ಟವೆಲು ತಂದು ಕಿವಿ ಮುಚ್ಚುವಂತೆ ತಲೆಗೆ ಬಿಗಿದುಕೊಂಡ. “ತಲೆ ನೋವು. ಸಿಡೀತಿದೆ.” ಟವೆಲಿನೊಳಗೆ ಕಿವಿ ಮತ್ತಷ್ಟು ಚುರುಗುಟ್ಟಿತು.

“ಮರೆತ್ರೇನಂತೆ, ಲೆಕ್ಕ ಸುಲಭ ಇದೆ,” ಎಂದ ಬಾಮೈದ. ಆತನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. “ಭಾವನಿಗೆ ಯಾರನ್ನ ಕಂಡರೆ ಆಗಲ್ಲ, ಅವರ ಹೆಸರು. ಮ್ಯಾನೇಜರ್!”

ಹೆಂಡತಿ ಮ್ಯಾನೇಜರ ಹೆಸರು ಹಾಕಿದಳು. ಒಂದು ಬೀಗ ಕಪ್ಪಾಯಿತು.

“ಅಲ್ವಾ!” ಎಂದು ಡಾಕ್ಟರು ಆಶ್ಚರ್ಯಪಟ್ಟರು. “ಮ್ಯಾನೇಜರ್ ಮೇಲೇ ಕೋಪ ಇಲ್ಲ ಅಂದ್ರೆ ನೀವು ದೊಡ್ಡ ಮನುಷ್ಯರು ಸಾರ್.” ಅಷ್ಟು ಹೇಳಿ ಇದ್ದಕ್ಕಿದ್ದಂತೆ ಅವರ ಮುಖ ಬಾಡಿತು. ಹಿಂದೊಮ್ಮೆ ಭದ್ರಣ್ಣನ ಹುಳುಕು ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತವರು ಅವರೇ. ಕುರ್ಚಿಗೆ ಆತುಕೊಂಡು, “ಅಮ್ಮಾ... ನನ್ನ ಹೆಸರು ಹಾಕಿ ನೋಡಿ. ಆ ಹಲ್ಲಿನ ವಿಷಯ ಇವರು ಮರೆತಿರಲ್ಲ,” ಎಂದರು.

“ಬೇಡ ಡಾಕ್ಟ್ರೇ,” ಎಂದ ಭದ್ರಣ್ಣ.

“ಇಲ್ಲ ಸಾರ್, ಗೊತ್ತಾಗ್ಲಿ. ಎಷ್ಟು ವರ್ಷ ಅಂತ ಒಳಗೇ ಇಟ್ಕೊಳ್ಳೋದು?”

ಹಾಕಿದರು. ಇನ್ನೊಂದು ಬೀಗ ಕಪ್ಪಾಯಿತು. ಡಾಕ್ಟರು ಭದ್ರಣ್ಣನನ್ನು ತಬ್ಬಿಕೊಂಡು ಬಿಕ್ಕಿದರು. “ನಾನಲ್ಲ! ನಾನಲ್ಲ! ಇನ್ಮೇಲೆ ನಿಮ್ಮ ಮನೆಯ ಹಲ್ಲೆಲ್ಲ ನನ್ನ ಹಲ್ಲು ಅಂದ್ಕೊಳಿ!”

“ಡಾಕ್ಟ್ರೇ, ಬೀಗ ಹೋಗ್ತಿದೆ, ನೀವು ಸಂಭ್ರಮ ಪಡ್ತಿದೀರಲ್ಲ!” ಎಂದು ಹೆಂಡತಿ ಗದರಿದಳು.

ಈಗ ಬಾಮೈದ ಸೋಫಾದ ಮೂಲೆಗೆ ಸರಿದ. ಭಾವನ ಸೂಟ್‌ಕೇಸು, ಏಣಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಆತನ ಮನೆಯಲ್ಲೇ ಬೀಡುಬಿಟ್ಟಿದ್ದವು. “ನಾನಂತೂ ಇರಲಿಕ್ಕಿಲ್ಲ,” ಎಂದ.

“ನೀನೇ,” ಎಂದಳು ಅಕ್ಕ. ಭದ್ರಣ್ಣ ಬೇಡ ಬೇಡ ಎನ್ನುತ್ತಿದ್ದಂತೆಯೇ ತಮ್ಮನ ಹೆಸರು ಹಾಕಿದಳು. ಅದೂ ತಪ್ಪು. ಬಾಮೈದ ಸೋಫಾದಿಂದ ಹಾರಿ, “ಭಾವಾ! ನಾಳೆ ಬೆಳಿಗ್ಗೆ ಏಣಿ ನಿಮ್ಮ ಬಾಗಿಲಲ್ಲಿ!” ಎಂದು ಘೋಷಿಸಿದ. ನೋಡಿ, ಯಾವ ಉಪನ್ಯಾಸಕ್ಕೂ ಸಾಧ್ಯವಾಗದ ಸೌಹಾರ್ದವನ್ನು ಭದ್ರಣ್ಣ ಬಾಯಿ ಬಿಡದೆ ಸಾಧಿಸಿದ್ದ.

ಆದರೆ ಉಳಿದದ್ದು ಒಂದೇ ಬೀಗ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಎಲ್ಲರ ತಲೆಯಲ್ಲೂ ಒಂದೇ ಹೆಸರು. ಬಾಯಿ ಬಿಡುವ ಧೈರ್ಯ ಯಾರಿಗೂ ಇಲ್ಲ. ಡಾಕ್ಟರು ಚಾವಣಿ ನೋಡಿದರು. ಅಲ್ಲಿ ಫ್ಯಾನಿತ್ತು. ಗಾಬರಿಯಾಗಿ ನೆಲ ನೋಡಿದರು. ಬೆತ್ತದ ಕುರ್ಚಿಯಿಂದ ಪೇಪರು ಮಡಚುವ ಸದ್ದು ಬಂತು.

ಆ ಸದ್ದಿಗೆ ಹೆದರಿ ಬಾಮೈದ ಫೋನು ಹಿಡಿದ. “ಅಕ್ಕಾ, ಹುಡುಕಿದೆ! ‘ಎಲ್ಲ ಕಂಪ್ಯೂಟರ್ ಬೀಗಗಳ ತುರ್ತು ಸಹಾಯ ಕೇಂದ್ರ’ ಅಂತ ಮೊದಲನೇ ನಂಬರೇ ಸಿಕ್ತು!” ಡಯಲ್ ಮಾಡಿ, ಹೆಸರು, ನಾಟಕದ ಕಷ್ಟ, ಭಾವನ ಫೋನ್ ನಂಬರು ಎಲ್ಲ ಉಸಿರು ಬಿಡದೆ ಒಪ್ಪಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದ. ಜೇನಿನಲ್ಲಿ ಅದ್ದಿ ತೆಗೆದ ದನಿಯೊಂದು ಹರಿದು ಬಂತು.

“ನಮಸ್ಕಾರಾ ಸಾರ್... ಗಾಬ್ರಿನೇ ಬೇಡಾ ಸಾರ್... ನಾನಿದೀನಲ್ಲಾ ಸಾರ್... ನಾಟ್ಕ ಎಲ್ಲೂ ಹೋಗಲ್ಲಾ ಸಾರ್... ಈಗ ನಿಮ್ಮ ಫೋನಿಗೆ ಒಂದು ನಂಬರ್ ಬರತ್ತೆ ಸಾರ್... ಅದನ್ನ ಹಾಗೇ ಓದಿ ಹೇಳ್ಬಿಡಿ ಸಾರ್... ಎರಡು ನಿಮಿಷ ಸಾರ್...”

ಭದ್ರಣ್ಣನ ಫೋನು ‘ಟಿಣ್’ ಎಂದಿತು. ನಂಬರು ಬಂದಿತ್ತು.

“ಓದಿ ರೀ!” ಎಂದಳು ಹೆಂಡತಿ.

ಭದ್ರಣ್ಣ ಓದಲಿಲ್ಲ. ಟವೆಲು ಸರಿಮಾಡಿಕೊಂಡು, ದೂರು ವಿಭಾಗದ ದನಿ ತೆಗೆದ. “ತಾವು ಯಾರು?”

“ಕಂಪನಿ ಕಡೆಯಿಂದಾ ಸಾರ್...”

“ಯಾವ ಕಂಪನಿ?”

“ಕಂಪ್ಯೂಟರ್ ಕಂಪನಿ ಸಾರ್... ದೊಡ್ಡದು ಸಾರ್...”

“ನಿಮ್ಮ ಆಫೀಸಿರೋದು ಎಲ್ಲಿ?”

“ಇಲ್ಲೇ ಸಾರ್, ನಿಮ್ಮ ಊರಲ್ಲೇ ಸಾರ್, ಮೇನ್ ರೋಡು ಸಾರ್...”

“ರೀ, ಟೈಮ್ ಆಗ್ತಿದೆ! ಓದ್ರೀ!” ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು. ಭದ್ರಣ್ಣ ಅದನ್ನು ನೋಡಿದ. ನೋಡಿಯೂ ಕೈ ಎತ್ತಿ ತಡೆದ. ಒಂದು ರಾಜ್ಯವನ್ನು ಕಾಯುವ ಸೇನಾಪತಿಗೂ ಆ ಗಳಿಗೆಯಲ್ಲಿ ಅಷ್ಟು ಗಟ್ಟಿ ಬೆನ್ನೆಲುಬು ಇರುತ್ತಿತ್ತೋ ಇಲ್ಲವೋ.

“ಮೇನ್ ರೋಡಾ? ಸಂತೋಷ. ಅಲ್ಲಿ ನೀರು ಎಷ್ಟು ಹೊತ್ತಿಗೆ ಬರತ್ತೆ?”

ದನಿ ತಡವರಿಸಿತು. “ನೀರಾ ಸಾರ್?... ನೀರು... ಇಪ್ಪತ್ನಾಲ್ಕು ಗಂಟೆನೂ ಬರತ್ತೆ ಸಾರ್!”

“ಸುಳ್ಳ!” ಎಂದು ಭದ್ರಣ್ಣ ಮೇಜು ಗುದ್ದಿದ. “ಆ ವಾಲ್ವು ಕೆಟ್ಟು ಕೂತಿದೆ ಅಂತ ದಿನಾ ದೂರು ತಗೊಳ್ತಿರೋನು ನಾನು! ಅಲ್ಲಿ ಬೆಳಿಗ್ಗೆ ಒಂದು ಬಿಂದಿಗೆ ತುಂಬಿದ್ರೆ ಹಬ್ಬ! ಯಾರಯ್ಯಾ ನೀನು?”

ಜೇನು ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಅತ್ತಲಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಡಾಕ್ಟರು ತಮ್ಮ ಕಿವಿ ಮುಚ್ಚಿಕೊಂಡರು ಎಂದಷ್ಟೇ ಹೇಳಬಹುದು. ಭದ್ರಣ್ಣ ಫೋನು ಕಟ್ ಮಾಡಿದ. ಬಾಮೈದ ಇಂಗು ತಿಂದ ಮಂಗನಂತೆ ಕೂತ. ಆ ನಂಬರು ಓದಿದ್ದರೆ ಭಾವನ ಬ್ಯಾಂಕು ಖಾತೆ ಏನಾಗುತ್ತಿತ್ತು ಎಂಬುದು, ತಿಳಿಯದ ವಿಷಯವೇ ಇಲ್ಲದ ಆತನಿಗೆ ಈಗ ತಿಳಿದಿತ್ತು.

ಆಗ ಬೆತ್ತದ ಕುರ್ಚಿ ಮಾತಾಡಿತು. “ಆ ದನಿ ಮೊದಲಿಂದಾನೂ ಸರಿಯಿರ್ಲಿಲ್ಲ. ಅಳಿಯಂದ್ರು ಸರಿಯಾದ ಹೊತ್ತಿಗೆ ಲೈನ್ ಕತ್ತರಿಸಿದ್ರು. ಭೇಷ್.”

ಆ ಮನೆಯ ಚರಿತ್ರೆಯಲ್ಲಿ ಅಂಥ ಮಾತು ಹಿಂದೆ ಬಂದಿರಲಿಲ್ಲ. ಯಾವ ಅಳಿಯನಾದರೂ ಹಿಗ್ಗಿ ಹೀರೇಕಾಯಿಯಾಗಬೇಕಿತ್ತು. ಭದ್ರಣ್ಣ ಕುಗ್ಗಿ ಹೋದ. ಈಗಷ್ಟೇ ಭೇಷ್ ಎಂದವರ ಹೆಸರನ್ನೇ ಅವರೆದುರೇ ಹೊಡೆಯಬೇಕು!

ಹೆಂಡತಿ ಕೊನೆಯ ಬೀಗವನ್ನೇ ನೋಡುತ್ತ, “ಹೋಗ್ಲಿ ಬಿಡಿ. ಮತ್ತೆ ಬರೆದರಾಯ್ತು,” ಎಂದು ಮೆಲ್ಲಗೆ ಅಂದಳು. ಕೂಗಾಡಿದ್ದರೆ ಭದ್ರಣ್ಣ ಇನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿದ್ದನೇನೋ. ಆತ ಎದ್ದ. ಅವಳನ್ನು ಪಕ್ಕಕ್ಕೆ ಸರಿಸಿ ಕೂತ. ಕಣ್ಣು ಮುಚ್ಚಿಕೊಂಡು ಅತ್ತೆಯ ಹೆಸರನ್ನು, ಒತ್ತು ದೀರ್ಘ ಏನೂ ಬಿಡದೆ, ಹೊಡೆದ.

ಬಾಗಿಲು ತೆರೆಯಿತು. ಪರದೆಯ ಮೇಲೆ ನಾಟಕ ಇದ್ದಲ್ಲೇ ಇತ್ತು.

ಎಲ್ಲರೂ ಬೆತ್ತದ ಕುರ್ಚಿಯ ಕಡೆ ತಿರುಗಿದರು. ಹೆಂಡತಿ ಮಾತ್ರ, ಮೊದಲು ಕೆಲಸ ಎಂದು, ಗಂಡನನ್ನು ಕುರ್ಚಿಯಿಂದ ಹೆಚ್ಚುಕಡಿಮೆ ಬೀಳಿಸಿ, ನಾಟಕವನ್ನು ಕಳಿಸಿದಳು. ‘ತಲುಪಿತು’ ಎಂದು ಬರುವವರೆಗೂ ಪರದೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ತಿರುಗಿದಳು.

ಅತ್ತೆ ಕನ್ನಡಕ ಮಡಚಿ ಡಬ್ಬಿಯಲ್ಲಿಟ್ಟು ಎದ್ದು ನಿಂತಿದ್ದರು. “ನನ್ನ ಚೀಲ ಎಲ್ಲಿದೆ?”

“ಅಮ್ಮಾ, ನಮ್ಮನೆಗೆ ಬಾ!” ಎಂದ ಬಾಮೈದ ಆವೇಶದಲ್ಲಿ. ಮರುಕ್ಷಣ, ಮನೆಯಲ್ಲಿರುವ ಹೆಂಡತಿ ನೆನಪಾಗಿ, “ಅಂದ್ರೆ... ಮುಂದಿನ ತಿಂಗಳು,” ಎಂದು ಸೇರಿಸಿದ.

“ನಾನು ಹೊರಡ್ತೀನಿ,” ಎಂದರು ಡಾಕ್ಟರು. ನಿಂತಲ್ಲಿಂದ ಕದಲಲಿಲ್ಲ.

“ಅತ್ತೆ, ಅದು ಸುಳ್ಳಲ್ಲ!” ಎಂದು ಭದ್ರಣ್ಣ ಬಾಗಿಲಿಗೆ ಅಡ್ಡ ನಿಂತ. “ಅದೊಂದು ನಿಜಾನೇ ಬರೆದಿದ್ದೆ! ಸುಳ್ಳು ಬರಲಿಲ್ಲ!”

“ಹಡಗು ಸುಳ್ಳು, ಚಂದ್ರಲೋಕ ಸುಳ್ಳು, ಅಮ್ಮ ಮಾತ್ರ ನಿಜಾನಾ?” ಎಂದಳು ಹೆಂಡತಿ.

ಅತ್ತೆ ಮತ್ತೆ ಕನ್ನಡಕ ಹಾಕಿಕೊಂಡರು. “ಅಳಿಯಂದ್ರೇ, ಟವೆಲ್ ತೆಗೀರಿ.”

ತೆಗೆದ. ಅತ್ತೆ ಹತ್ತಿರ ಬಂದು, ಒಡವೆ ಅಂಗಡಿಯವನು ಚಿನ್ನ ನೋಡುವಂತೆ ಒಂದೊಂದೇ ಕಿವಿ ನೋಡಿದರು. “ಹೂಂ. ಈಗ ಹೇಳಿ. ನನ್ನಲ್ಲಿ ಮೆಚ್ಚುವಂಥದ್ದು ಏನು ಕಂಡ್ರಿ?”

“ಅತ್ತೆ, ಅಷ್ಟು ವರ್ಷ ಎಕ್ಸ್‌ಚೇಂಜಲ್ಲಿ ಕೂತಿದ್ರಿ. ಊರವರ ಮಾತೆಲ್ಲ ನಿಮ್ಮ ಕಿವಿ ಮೇಲೇ ಹೋಯ್ತು. ಒಂದು ಮಾತು ಹೊರಗೆ ಬಿಟ್ರಾ? ಮಗಳು ಕೇಳಿದ್ಲು, ಮಗ ಕೇಳಿದ, ನಾನೂ ಕೇಳಿದೆ. ‘ಲೈನ್ ಬಿಜಿ’ ಅಂತೀರಿ, ಅಷ್ಟೇ. ನಾನು ಈ ಪೆಟ್ಟಿಗೆಗೆ ಎಷ್ಟು ಬೀಗ ಜಡಿದ್ರೂ ನಿಮ್ಮಷ್ಟು ಭದ್ರ ಆಗಲ್ಲ.”

ಕಿವಿಗಳು ಬಿಳಿ ಹಾಳೆಯಂತಿದ್ದವು.

“ಫ್ಯಾನು?” ಎಂದರು ಅತ್ತೆ.

“ಫ್ಯಾನಿನ ವಿಷಯದಲ್ಲಿ ನೀವು ಮಾಡೋದು ಶುದ್ಧ ಅನ್ಯಾಯ.”

ಆಗಲೂ ಬಿಳಿ. ಅತ್ತೆಯ ತುಟಿಯ ಅಂಚು ಅಲುಗಿತು. ಚೀಲದ ಸುದ್ದಿ ಬಿಟ್ಟು ಕುರ್ಚಿಯಲ್ಲಿ ಕೂತರು. ಕೂರುವ ಮುಂಚೆ ಫ್ಯಾನನ್ನು ತಾವೇ ಒಂದು ಗೆರೆ ಜೋರು ಮಾಡಿದರು. ಡಾಕ್ಟರು ಕಣ್ಣೊರೆಸಿಕೊಂಡರು. ಎಲ್ಲ ಸುಖಾಂತವಾಯಿತು ಎಂದು ಬಾಮೈದ ಟೀ ಕೇಳುವವನಿದ್ದ.

“ಒಂದ್ನಿಮಿಷ,” ಎಂದಳು ಹೆಂಡತಿ. ಸೊಂಟದ ಮೇಲೆ ಕೈ ಇತ್ತು. “ಅತ್ಯಂತ ಮೆಚ್ಚೋದು ನಮ್ಮಮ್ಮನ್ನ. ನಿಜ. ಒಪ್ಕೊಂಡೆ. ಹಾಗಾದ್ರೆ ನಾನು?”

ಭದ್ರಣ್ಣ ಅತ್ತ ನೋಡಿದ, ಇತ್ತ ನೋಡಿದ. ಜೇಬಿನಲ್ಲಿ ಜಿರಾಫೆಯೂ ಇರಲಿಲ್ಲ, ಕೊಡೆಯೂ ಇರಲಿಲ್ಲ.

“ನೀನು... ನೀನೇ ಮೊದಲು ಕಣೇ! ನಿನ್ನ ಹೆಸರೇ ಹಾಕೋನಿದ್ದೆ. ಯಾರು ಬೇಕಾದರೂ ಊಹಿಸಿಬಿಡ್ತಾರೆ ಅಂತ... ಬರೀ ಸುರಕ್ಷತೆ ದೃಷ್ಟಿಯಿಂದ...”

ಎಲ್ಲರೂ ಒಟ್ಟಿಗೆ ಆತನ ಕಿವಿಯ ಕಡೆ ತಿರುಗಿದರು. ತುದಿಯಲ್ಲಿ ಸಣ್ಣಗೆ ಕೆಂಪು ಮೂಡಿ, ಸಂಜೆಯ ಆಕಾಶದಂತೆ ಹರಡತೊಡಗಿತ್ತು.

ಅತ್ತೆ ಎದ್ದರು. ಯಾರ ಕಣ್ಣೂ ಪೂರ್ತಿ ತಲುಪುವ ಮುಂಚೆ ಆ ಒದ್ದೆ ಟವೆಲನ್ನು ಅಳಿಯನ ತಲೆಗೆ ಎರಡು ಸುತ್ತು ಸುತ್ತಿ, ಕಿವಿ ಎರಡೂ ಮುಚ್ಚಿ, ಗದ್ದದ ಕೆಳಗೆ ಗಂಟು ಬಿಗಿದು, ಜಗ್ಗಿ ನೋಡಿದರು.

“ತಲೆನೋವು ಅಂತಿದ್ರಲ್ಲ,” ಎಂದರು. “ಫ್ಯಾನಿನ ಗಾಳಿ ಬೇರೆ ಜೋರಾಗಿದೆ.”

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರಿ. ಅವರ ಕಿವಿ ನೋಡ್ಬೇಕು,” ಎಂದಳು ಮಗಳು.

“ಲೈನ್ ಬಿಜಿ,” ಎಂದರು ಅತ್ತೆ.